ಎಳ್ಳಮಾವಾಸ್ಯೆಯ ಸಾವು

"ನಾಳೆ ಮುಂಜಾನಿ ಕೊಲಿ ಕೇಸಿನ್ಯಾಗ ನನ್ನ ಹಿಡಕೊಂಡು ಹೋಗ್ತಾರಂತ್ರಿ ಅಕ್ಕಾರ. ಇವತ್ತ ಒಂದ ದಿನ ಐತಿ ನನ್ನ ಕೈಯಾಗ."

ಬಾಗಿಲ ಬಳಿ ನೆಲದ ಮೇಲೆ ಕುಳಿತ ಹೆಂಗಸು ಹೀಗೆ ಹೇಳಿದಾಗ ಶರಣಬಸಮ್ಮನವರು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಮುರಿಯುವ ಕೈ ನಿಲ್ಲಲಿಲ್ಲ.

"ಯಾರನ್ನ ಕೊಂದಿ ಅಂತಾರ?"

"ನನ್ನ ಗಂಡನ್ನರಿ."

"ಕೊಂದೀ ಏನು?"

"ಕೊಲ್ಲೋದಿದ್ರ ಇಷ್ಟ ವರ್ಷ ಹೊಲಸು ಬಳದು, ಮಗ್ಗಲಾ ಹೊರಳಿಸಿ, ಬೆನ್ನಿಗೆ ಹುಣ್ಣ ಆಗದಂಗ ಯಾಕ ನೋಡ್ಕೊಂತಿದ್ನಿರಿ?"

"ಅದು ಜವಾಬಲ್ಲ. ಬಳದು ಬಳದು ಬ್ಯಾಸರಾಗಿ ಕೊಂದಾಳ ಅಂತಾರ. ನಾ ಪೊಲೀಸ್ ಇದ್ದಿದ್ರೂ ಹಂಗ ಅಂತಿದ್ದೆ."

ನನಗೆ ಅಕ್ಕಾರ ಮೇಲೆ ಸಿಟ್ಟು ಬಂತು. ಆ ಹೆಂಗಸಿನ ಮುಂಗೈ ಬೋಳಾಗಿತ್ತು. ಬಳೆ ಒಡೆದಾಗ ಆದ ಗೀರುಗಳು ಇನ್ನೂ ಮಾಯ್ದಿರಲಿಲ್ಲ. ಆದರೆ ಅಕ್ಕಾರು ಹಾಗೆಯೇ. ಸರ್ಕಲ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾಗಿ ಗಂಗಾವತಿಯಲ್ಲಿ ಒಬ್ಬರೇ ಇದ್ದರು. ನಾನು ಕವಿತಾ, ಅವರ ಮಹಡಿಯಲ್ಲಿ ಬಾಡಿಗೆಗಿದ್ದವಳು. ಅವರ ಮೊಣಕಾಲು ಸೋತ ಮೇಲೆ ಕಾರು ಓಡಿಸುವ ಕೆಲಸ ನನ್ನದಾಯಿತು; ಅವರು ಬಿಡಿಸಿದ ಗಂಟುಗಳನ್ನು ಬರೆಯುವ ಕೆಲಸ ನಾನಾಗಿ ಹಚ್ಚಿಕೊಂಡದ್ದು. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕತೆ ಕೇಳುತ್ತ ಬೆಳೆದವಳು ನಾನು. ಆ ಕತೆಗಳಲ್ಲಿ ಕೆಟ್ಟವರಿಗೆ ಕೋರೆಹಲ್ಲು ಇರುತ್ತಿದ್ದವು. ನೋಡಿದ ಕೂಡಲೇ ಗುರುತು ಸಿಗುತ್ತಿತ್ತು.

"ಮೊದಲಿಂದ ಹೇಳು," ಎಂದರು ಅಕ್ಕಾರು. "ಅಳೋದನ್ನ ಬಿಟ್ಟು ಹೇಳು."

ಹೆಂಗಸಿನ ಹೆಸರು ಗಂಗಾ. ಗಂಡ ವಿರುಪಾಕ್ಷಿ, ಕನಕಗಿರಿ ಕಡೆಯ ಹುಲಿಹೈದರದವನು, ಸೈನಿಕ. ಹಿಮದ ಸೀಮೆಯಲ್ಲಿ ಅವನಿದ್ದ ಲಾರಿ ಕಣಿವೆಗೆ ಉರುಳಿ ಕತ್ತಿನ ಮೂಳೆ ಮುರಿಯಿತು. ಎದೆಯಿಂದ ಕೆಳಗೆ ಸ್ಪರ್ಶವಿಲ್ಲ. ಭುಜ ಎತ್ತಬಲ್ಲ, ಬೆರಳು ಮಡಚಲಾರ. ಸೇನೆಯ ವೈದ್ಯರ ಮಂಡಳಿ ಇನ್ನು ಸೇವೆಗೆ ಆಗದೆಂದು ಬರೆದು, ಪಿಂಚಣಿ ಕೊಟ್ಟು ಮನೆಗೆ ಕಳಿಸಿತು. ಸೇವೆಯ ಪಿಂಚಣಿಯ ಮೇಲೆ ಅಂಗವಿಕಲತೆಯ ಭಾಗ, ಅದರ ಮೇಲೆ ಸದಾ ಒಬ್ಬರು ಜೊತೆಗಿದ್ದು ನೋಡಿಕೊಳ್ಳಬೇಕಾದ್ದಕ್ಕೆ ಭತ್ಯೆ. ಮನೆಯಲ್ಲಿದ್ದವರು ನಾಲ್ವರು: ವಿರುಪಾಕ್ಷಿ, ಗಂಗಾ, ಅವನ ತಾಯಿ ಕರಿಯವ್ವ, ಮದುವೆಯಾಗದ ತಮ್ಮ ಹನಮೇಶ. ಮಂಚದ ಮೇಲೆ ಮಲಗಿದವನ ದುಡ್ಡಿನಿಂದಲೇ ಮನೆಗೆ ಸ್ಲ್ಯಾಬು ಬಿತ್ತು, ಅಂಗಳಕ್ಕೆ ಟ್ರ್ಯಾಕ್ಟರ್ ಬಂತು.

"ಅವರಿಗೆ ಮೂತ್ರಕ್ಕ ಒಂದು ಕೊಳವಿ ಹಾಕಿದ್ರು, ಅದು ಚೀಲಕ್ಕ ಹೋಗಿ ಬೀಳತಿತ್ರಿ," ಎಂದಳು ಗಂಗಾ. "ಕೊಳವಿ ಮಡಚಿ ಬಿದ್ರ ನಿಮಗ ನನಗಾದ್ರ ಹೊಟ್ಟಿ ಉಬ್ಬತೈತಿ ಅಷ್ಟ. ಕುತಿಗಿ ಮುರದಾವರಿಗೆ ರಕ್ತ ತಲಿಗೆ ಏರತೈತಂತ. ಬಿಡಿಸಲಿಲ್ಲಂದ್ರ ತಲ್ಯಾಗ ನರ ಹರದು ಸಾಯ್ತಾರಂತ ಮಿಲಿಟರಿ ದವಾಖಾನಿ ಸಿಸ್ಟರ್ ನನಗ ಹೇಳಿ ಕಳಿಸಿದ್ಲು. ಮಳಿಗಾಲದಾಗ ಒಮ್ಮಿ ಹಂಗಾತು. ಮುಖ ಕೆಂಡ ಆಗಿ, ತಲಿ ಬೆವತು, ನೆತ್ತಿ ಒಡಿತೈತಿ ಅಂತ ಒದರಿದ್ರು. ನಾ ತೊಡಿ ಬುಡಕ ಸಿಕ್ಕಿದ್ದ ಕೊಳವಿ ಸೀದಾ ಮಾಡಿದ ಕೂಡಲೇ ಇಳೀತು. ನಮ್ಮತ್ತಿ ಅಲ್ಲೇ ನಿಂತು ನೋಡ್ಯಾಳ. ಮೈದುನ ಅವತ್ತ ಗಂಗಾವತಿಗೆ ಹೋಗಿದ್ದ."

ಅಜ್ಜಿಯ ಕತೆಯ ರಾಕ್ಷಸನ ಪ್ರಾಣ ಏಳು ಕೋಟೆಯ ಒಳಗಿನ ಗಿಳಿಯಲ್ಲಿ ಇರುತ್ತಿತ್ತು. ಈ ಸಿಪಾಯಿಯ ಪ್ರಾಣ ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ, ಯಾರ ಕೈಗೂ ಎಟುಕುವಂತೆ ಇತ್ತಲ್ಲ ಎಂದು ನಾನು ಯೋಚಿಸುತ್ತಿದ್ದೆ.

ಸತ್ತದ್ದು ಎಳ್ಳಮಾವಾಸ್ಯೆಯ ದಿನ. ಅಂದು ನಮ್ಮ ಕಡೆ ಊರಿಗೆ ಊರೇ ಅಡುಗೆ ಹೊತ್ತುಕೊಂಡು ಹೊಲಕ್ಕೆ ಹೋಗುತ್ತದೆ. ನಿಂತ ಬೆಳೆಗೆ ಮೊದಲು ಆ ಅಡುಗೆಯ ಚರಗ ಚೆಲ್ಲಬೇಕು. ಭೂಮಿತಾಯಿ ಉಂಡ ಮೇಲೆಯೇ ಮನುಷ್ಯರ ಊಟ. ಗಂಗಾ ಚೀಲ ಖಾಲಿ ಮಾಡಿ, ಕೊಳವೆ ನೋಡಿ, ಗಂಡನ ಎದೆಯ ಮೇಲೆ ಫೋನು ಇಟ್ಟು ಟ್ರೇಲರ್ ಹತ್ತಿದ್ದಳು. ಬೆರಳ ಗೆಣ್ಣಿನಿಂದ ಒತ್ತಿ ಅವನು ಅವಳಿಗೊಬ್ಬಳಿಗೆ ಫೋನ್ ಮಾಡಬಲ್ಲವನಾಗಿದ್ದ.

"ಚರಗ ಮುಗದ ಮ್ಯಾಲೆ ತಾಟಿಗೆ ಹಾಕ್ಕೊಂಡು ಅವರಿಗೆ ಉಣಿಸಿ ಬರ್ತೀನಿ ಅಂದೆ. ಹೊಲದ ಪೂಜಿ ಪೂರಾ ಆಗದ ಮನಿ ಸೊಸಿ ಹೋಗಬಾರದು ಅಂತ ಅತ್ತಿ ಬಿಡಲಿಲ್ಲ. ಹನಮೇಶ ಬಾಜೂ ಹೊಲದಾವರ ಬೈಕ್ ಮ್ಯಾಲೆ ಒಯ್ದ. ಸಂಜಿಗೆ ಬಂದು ನೋಡಿದ್ರ…" ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ತಾಟು ಮುಚ್ಚಿದಂಗ ಇತ್ರಿ. ನಾ ಬಡಿಸಿದ ಹೋಳಿಗಿ ಎರಡೂ ಹಂಗ ಇದ್ದವು. ಫೋನು ಗೋಡಿ ಗೂಡಿನ್ಯಾಗ ಚಾರ್ಜಿಗೆ ಹಾಕಿತ್ತು."

"ಕೊಳವಿ?"

"ನನ್ನ ಕೈ ಕಾಲ ಆಡಲಿಲ್ರಿ. ಅತ್ತೀನ ಮೊದಲು ಒಳಗ ಹೋಗಿ ಅವರನ್ನ ತಬ್ಬಿಕೊಂಡಿದ್ಲು. ನಾ ನೋಡಿದಾಗ ಕೊಳವಿ ಸೀದಾ ಇತ್ತು."

ಹೃದಯ ನಿಂತಿತು ಎಂದುಕೊಂಡು ಹೊಲದಲ್ಲಿ ಮಣ್ಣು ಮಾಡಿದರು. ಮೂರನೆಯ ದಿನದ ಕಾರ್ಯ ಮುಗಿದ ಸಂಜೆಯೇ ಕರಿಯವ್ವ ಉಡಕಿಯ ಮಾತು ತೆಗೆದಳು. ವಿಧವೆಗೆ ಸೀರೆ ಉಡಿಸಿ ಮತ್ತೊಬ್ಬನಿಗೆ ಕೊಡುವ ಪದ್ಧತಿ ಅವರಲ್ಲಿ ಉಂಟು. ಸೀರೆ ಹನಮೇಶನದು. ಗಂಗಾ ಆಗುವುದಿಲ್ಲ ಎಂದಳು. ಮರುದಿನವೇ ಕರಿಯವ್ವ ಠಾಣೆಗೆ ಹೋಗಿ ಎದೆ ಬಡಿದುಕೊಂಡಳು: ಸೊಸೆ ಕೊಳವೆ ಮಡಚಿಟ್ಟು ಮಗನನ್ನು ಕೊಂದಿದ್ದಾಳೆ, ಮನೆತನದ ಮರ್ಯಾದೆಗಾಗಿ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಅಕ್ಕಾರು ಮೆಣಸಿನಕಾಯಿ ಮೊರವನ್ನು ಸರಿಸಿ ಎದ್ದರು. "ಕವಿ, ಕಾರು ತಗಿ."

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಗವಿಸಿದ್ದಪ್ಪ ಎದ್ದು ನಿಂತು ಸೆಲ್ಯೂಟ್ ಹೊಡೆದ. ಒಂದು ಕಾಲಕ್ಕೆ ಅಕ್ಕಾರ ಕೈಕೆಳಗೆ ಪೇದೆಯಾಗಿದ್ದವನು.

"ಕೇಸು ಸೀದಾ ಐತ್ರಿ ಮೇಡಂ. ತಹಶೀಲ್ದಾರ್ ಸಾಹೇಬರ ಮುಂದ ಹೆಣ ತಗಸಿವಿ. ಮೂತ್ರಕೋಶ ಉಬ್ಬಿತ್ತು, ತಲ್ಯಾಗ ರಕ್ತ ಒಡದಿತ್ತು. ಮುದುಕಿ ಹೇಳಿದ್ದು ಖರೇ ಆತು. ಕೊಳವಿ ವಿದ್ಯೆ ಕಲತಾಕಿ ಊರಾಗ ಗಂಗಾ ಒಬ್ಬಾಕಿನ. ಮ್ಯಾಲೆ ಬಾಜೂ ಮನಿ ಮಾಜಿ ಹವಾಲ್ದಾರ್ ಗೋವಿಂದರಾಜನ ಕೂಡ ಮಾತುಕತಿ ಭಾಳ ಐತಂತ."

"ಮಂದಿ ಮಾತು ಬಿಡು. ಹೊಟ್ಯಾಗ ಏನಿತ್ತಂತ?"

"ಎಳ್ಳು ಬೆಲ್ಲದ ಹೋಳಿಗಿ. ತಿಂದು ಭಾಳ ಹೊತ್ತಾದ ಮ್ಯಾಲೆ ಸತ್ತಾನಂತ. ಹಬ್ಬದ ದಿನ ಹೋಳಿಗಿ ತಿನ್ನದಾವರು ಯಾರ ಅದಾರ ಬಿಡ್ರಿ ಮೇಡಂ."

ಚಹ ಬಂತು, ಕುಡಿದರು. ಹೊರಡುವಾಗ ಮಾತ್ರ, "ನಾಳೆ ಮುಂಜಾನಿ ಅರೆಸ್ಟ್ ಮಾಡೋ ಮುಂದ ನನಗ ಒಂದೀಟು ಮಾತಾಡಾಕ ಬಿಡು," ಎಂದರು.

"ನಿಮಗ ಇಲ್ಲ ಅನ್ನಾಕ ಆಗತೈತೇನ್ರಿ? ಆದ್ರ ಅರೆಸ್ಟ್ ಮಾತ್ರ ಮಾಡಾವನ."

"ಮಾಡಬ್ಯಾಡ ಅಂತ ಯಾರಂದ್ರು?"

ಹುಲಿಹೈದರದಲ್ಲಿ ಮೊದಲು ಸಿಕ್ಕವಳು ಎದುರು ಮನೆಯ ಪಕೀರಮ್ಮ. ಕಟ್ಟೆಯ ಮೇಲೆ ಕುಳಿತು ತೊಗರಿ ಬಿಡಿಸುತ್ತಿದ್ದಳು. ಅಂದು ಅದೇ ಟ್ರೇಲರ್‌ನಲ್ಲಿ ಹೊಲಕ್ಕೆ ಹೋದವಳು.

"ಗಂಗಾ ಹತ್ತಿ ಕುಂತ ಮ್ಯಾಲೆ ಯಾರರ ಮತ್ತ ಒಳಗ ಹೋದ್ರೇನು?" ಎಂದು ಅಕ್ಕಾರು ಕೇಳಿದರು.

"ಹೋಗಲಾರದ ಏನ್ರಿ, ಒಂದು ಮನಿ ಹೊಂಡೋದಂದ್ರ! ಹನಮೇಶ ಡೀಸೆಲ್ ಕ್ಯಾನ್ ತರಾಕ ಹೋಗಿ ಬಂದ. ಆಮ್ಯಾಲೆ ಮುದುಕಿ, ಅಯ್ಯ ಎಲಿ ಅಡಿಕಿ ಚೀಲ ಮರತೆ ಅಂತ ಬುಟ್ಟಿ ಹೊತಗೊಂಡ ಇಳದ್ಲು. ಬುಟ್ಟಿ ನನ್ನ ಕೈಯಾಗ ಕೊಡಬೇ ಅಂದೆ. ಕೊಡಲಿಲ್ಲ. ಚರಗದ ಬುಟ್ಟಿ ನೋಡ್ರಿ, ಹೊಲ ಮುಟ್ಟೋ ತನಕ ಮಂದಿ ಕೈಯಾಗ ಕೊಡಾಂಗಿಲ್ಲ. ಆ ಮುದುಕಿದು ಕಟ್ಟುನಿಟ್ಟು ಭಾಳ. ನಸುಕಿನ್ಯಾಗ ತಾನ ಹೋಳಿಗಿ ಮಾಡಿ, ಬುಟ್ಟಿಗೆ ತುಂಬಿ, ಬಿಳಿ ಧೋತರ ಗಂಟು ಹಾಕಿ ಬಿಡತಾಳ. ಸೊಸಿ ರೊಟ್ಟಿ ಪಲ್ಲೆ ಮಾಡಬೇಕು ಅಷ್ಟ, ಹೋಳಿಗಿ ಕಡಿ ಹಾಯಾಂಗಿಲ್ಲ."

"ಒಳಗ ತಡಾ ಮಾಡಿದ್ಲೇನು?"

"ವಯಸ್ಸಾಗೈತ್ರಿ, ತಡಾ ಆಗತೈತಿ. ಹನಮೇಶ ಹಾರ್ನ್ ಹೊಡದ ಹೊಡದ."

ಹನಮೇಶ ಅಂಗಳದಲ್ಲಿ ಟ್ರ್ಯಾಕ್ಟರ್ ತೊಳೆಯುತ್ತಿದ್ದ. ನಮ್ಮನ್ನು ನೋಡಿಯೂ ನೀರಿನ ಪೈಪು ಬಿಡಲಿಲ್ಲ. ದಪ್ಪ ಹುಬ್ಬು, ತುಟಿಯ ಮೇಲೆ ಸಿಡುಕು. ಕೋರೆಹಲ್ಲು ಸಿಕ್ಕಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

"ತಾಟು ಒಯ್ದಾಗ ಅಣ್ಣ ಏನು ಮಾಡಾಕತ್ತಿದ್ದ?"

"ಮಲಗಿದ್ದ. ಎಬ್ಬಸಲಿಲ್ಲ. ಮುಚ್ಚಿಟ್ಟು ಬಂದೆ." ಅವನು ನಮ್ಮ ಕಡೆ ನೋಡದೆ ಗಾಲಿಗೆ ನೀರು ಬಿಟ್ಟ.

"ಅವನ ಬೆರಳು ಮಡಚಾಂಗಿಲ್ಲ. ಮುಚ್ಚಿಟ್ಟ ತಾಟಿನ್ಯಾಗಿಂದ ಹೆಂಗ ಉಣ್ಣಬೇಕಾಗಿತ್ತಪ?"

"ಉಣಿಸೋದು ನಮ್ಮ ಅತ್ತಿಗಿ ಕೆಲಸ್ರಿ. ನಾ ಯಾವತ್ತೂ ಒಂದು ಗುಟುಕು ನೀರೂ ಹಾಕಿದಾಂವಲ್ಲ. ನನಗ ಅದು ಸರಿ ಬರಾಂಗಿಲ್ಲ."

"ಟ್ರ್ಯಾಕ್ಟರ್ ಸರಿ ಬರತೈತಿ," ಎಂದು ಅಕ್ಕಾರು ಒಳಗೆ ನಡೆದರು.

ಪಡಸಾಲೆಯಲ್ಲಿ ಕಬ್ಬಿಣದ ಮಂಚ ಹಾಗೆಯೇ ಇತ್ತು. ಹಾಸಿಗೆ ಸುತ್ತಿಟ್ಟಿದ್ದರು. ಕರಿಯವ್ವ ಅದರ ಕಾಲಿಗೆ ಒರಗಿ ಕುಳಿತಿದ್ದಳು. ಬಿಳಿ ಕೂದಲು, ಹಣೆಯ ಮೇಲೆ ವಿಭೂತಿ. ನನ್ನ ಅಜ್ಜಿಯೇ ಕುಳಿತ ಹಾಗೆ ಕಂಡಳು. ಅಕ್ಕಾರು ಅವಳ ಪಕ್ಕದಲ್ಲೇ ಕಷ್ಟಪಟ್ಟು ಕುಳಿತು, ಅವಳ ಕೈ ಹಿಡಿದುಕೊಂಡರು.

"ಹಬ್ಬದ ದಿನ ಮಗ ಹಸಗೊಂಡ ಸತ್ತನಲ್ಲಬೇ ಯವ್ವಾ. ಹೊಲಕ್ಕ ಹೋಗೋ ಮುಂದ ಒಂದು ತುಣುಕು ಹೋಳಿಗಿ ಅವನ ಬಾಯಾಗ ಹಾಕಿ ಹೋಗಬಾರದಾಗಿತ್ತ?"

ಹೆತ್ತವಳಿಗೆ ಇಂಥ ಮಾತು ಕೇಳುವುದೇ? ನಾನು ಮುಖ ತಿರುಗಿಸಿದೆ. ಮುದುಕಿಯ ಬೆನ್ನು ಮಾತ್ರ ನೆಟ್ಟಗಾಯಿತು.

"ಚರಗ ಚೆಲ್ಲೋಕಿಂತ ಮೊದಲ? ನನ್ನ ಮನ್ಯಾಗ ಇರುವಿನೂ ಬುಟ್ಟಿ ಮೂಸಾಂಗಿಲ್ಲ! ಸಣ್ಣಾಂವ ಇದ್ದಾಗ ವಿರುಪಾಕ್ಷಿ ಒಮ್ಮಿ ಕೈ ಹಾಕಿದ್ದ. ಆ ಕೈ ಒಯ್ದು ಕಾದ ಹಂಚಿನ ಮ್ಯಾಲೆ ಇಟ್ಟೆ. ಕಲಿ ಇನ್ನೂ ಇತ್ತು ಅಂಗೈಯಾಗ. ನಾ ಅವಗ ಏನೂ ತಿನಿಸಿಲ್ಲ, ಹನಿ ನೀರ ಸುದ್ದಾ."

"ಭೇಷ್," ಎಂದರು ಅಕ್ಕಾರು. "ಪದ್ಧತಿ ಅಂದ್ರ ಪದ್ಧತಿ."

ಕೊನೆಗೆ ಗೋವಿಂದರಾಜ. ನೆರೆಮನೆಯವನು, ನಿವೃತ್ತ ಹವಾಲ್ದಾರ. ಊರಿನ ಮಾಜಿ ಸೈನಿಕರ ಪಿಂಚಣಿಯ ತೊಡಕುಗಳನ್ನೆಲ್ಲ ಬಿಡಿಸುತ್ತಿದ್ದವನು ಅವನೇ.

"ನನ್ನ ಹೆಸರು ಗಂಗಾನ ಹೆಸರಿಗೆ ಹಚ್ಚ್ಯಾರಂತ ಕೇಳಿದೆ. ಅಕಿ ನನ್ನ ಮಗಳ ವಾರಿಗಿಯಾಕಿ, ಮಗಳಿದ್ದಂಗ," ಎಂದು ಅವನು ಮೊದಲೇ ಗುರುಗುಟ್ಟಿದ. "ಖರೇ ಸುದ್ದಿ ಕೇಳ್ರಿ. ಪುಣೆ ಕಡೆ ನಮ್ಮ ಸೈನಿಕರಿಗಂತನ ಒಂದು ಆಸರೆ ಐತಿ. ಇಂಥಾವರು ಅಲ್ಲಿ ಗಾಲಿಕುರ್ಚಿ ಮ್ಯಾಲೆ ಚೆಂಡಾಟ ಆಡ್ತಾರ, ಬಾಯಾಗ ಕುಂಚ ಹಿಡದು ಚಿತ್ರ ಬರೀತಾರ. ವಿರುಪಾಕ್ಷಿ ಗಂಗಾನ್ನ ಕರಕೊಂಡು ಅಲ್ಲಿಗೆ ಹೊಂಟಿದ್ದ. ಪಿಂಚಣಿ ಬೀಳೋ ಬ್ಯಾಂಕಿನ ಖಾತೆನೂ ಅಲ್ಲಿಗೆ. ಮನ್ಯಾಗ ಹೇಳಿದ ದಿನದಿಂದ ಅವರವ್ವ ಅವನ ಕೂಡ ಮಾತು ಬಿಟ್ಟಿದ್ಲು. ಹಬ್ಬದ ತನಕ ಒಂದು ಸೊಲ್ಲು ಆಡಿಲ್ಲ."

"ವಿಧವಿ ಮತ್ತ ಮದುವಿ ಆದ್ರ ಪಿಂಚಣಿ ಏನಾಗತೈತಿ?"

"ಮಂದೀನ್ನ ಆದ್ರ ತೊಡಕೈತಿ. ಗಂಡನ ಖಾಸ ತಮ್ಮನ್ನ ಆದ್ರ ಮುಂದುವರಿತೈತಿ. ಕುಷ್ಟಗಿ ಕಡೆ ಒಬ್ಬ ಹೆಣ್ಮಗಳದು ಹಂಗ ಆತು. ಇದ ಕಟ್ಟಿ ಮ್ಯಾಲೆ ಕುಂತು ಎಲ್ಲಾರ ಮುಂದ ಹೇಳಿದ್ದೆ."

"ಹೆಂಡತೀನ ಗಂಡನ್ನ ಕೊಂದ್ರ?"

ಗೋವಿಂದರಾಜ ಬೆಚ್ಚಿ ನೋಡಿದ. "ಇದನ್ನ ಮೊನ್ನಿ ಹನಮೇಶನೂ ಫೋನ್ ಮಾಡಿ ಕೇಳಿದ. ಕೊಲಿ ಸಾಬೀತಾದ್ರ ಅಕಿಗೆ ಸಿಗಾಂಗಿಲ್ಲ. ಮಕ್ಕಳಿಲ್ಲ ಅಂದ್ರ, ಅವನ ಮ್ಯಾಲೆ ಅವಲಂಬಿಸಿದ ತಾಯಿ ಕೇಳಾಕ ಬರತೈತಿ ಅಂದೆ. ಯಾಕ ಕೇಳ್ತಿಯೋ ಅಂದ್ರ ಫೋನ್ ಇಟ್ಟ."

ಗಂಗಾವತಿಗೆ ಮರಳುವಾಗ ನಾನು ತಡೆಯಲಾರದೆ ಹೇಳಿದೆ: "ಹನಮೇಶನ ಅದಾನ್ರಿ ಅಕ್ಕಾರ. ಡೀಸೆಲ್ ಕ್ಯಾನ್ ನೆಪಾ ಮಾಡಿ ಒಳಗ ಹೋದ, ಕೊಳವಿ ಮಡಚಿದ, ಫೋನು ಸರಿಸಿದ. ಆಮ್ಯಾಲೆ ತಾಟು ಒಯ್ಯೋ ನೆಪದಾಗ ಸತ್ತಾನೇನು ನೋಡಿ ಬಂದ."

"ಛಲೋ ಹೇಳಿದಿ. ಹಂಗಾರ ಹೋಳಿಗಿ?"

"ಯಾವ ಹೋಳಿಗಿ?"

ಅಕ್ಕಾರು ಕಣ್ಣು ಮುಚ್ಚಿ ಸೀಟಿಗೆ ಒರಗಿದರು. "ನಿಮ್ಮಜ್ಜಿ ಕತಿಯಾಗ ತಾಯಂದ್ರು ಹೆಂಗಿರತಿದ್ರು ಕವಿ?"

"ಮಕ್ಕಳಿಗಾಗಿ ಜೀವ ಕೊಡ್ತಿದ್ರು."

"ಎಷ್ಟ ಮಂದಿ ಮಕ್ಕಳಿರತಿದ್ರು ಅವರಿಗೆ?"

"ಒಬ್ಬ."

"ಅದಕ್ಕ," ಎಂದರು ಅಕ್ಕಾರು.

ಮರುದಿನ ಬೆಳಿಗ್ಗೆ ಆ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಗವಿಸಿದ್ದಪ್ಪ ಒಬ್ಬ ಮಹಿಳಾ ಪೇದೆಯೊಂದಿಗೆ ಬಾಗಿಲಲ್ಲಿ ನಿಂತಿದ್ದ. ಗಂಗಾ ಗೋಡೆಗೆ ಹತ್ತಿಕೊಂಡು ಕುಳಿತಿದ್ದಳು. ಜೈಲಿಗೆ ಒಯ್ಯಲೆಂದು ಒಂದು ಸೀರೆಯ ಗಂಟು ಕಟ್ಟಿಕೊಂಡಿದ್ದಳು. ಕರಿಯವ್ವ ಮಂಚದ ಕಾಲ ಬಳಿ, ಹನಮೇಶ ಕಿಟಕಿಯ ಬಳಿ. ಪಕೀರಮ್ಮ, ಗೋವಿಂದರಾಜ ಹೊಸ್ತಿಲ ಮೇಲೆ. ಅಕ್ಕಾರು ಖಾಲಿ ಮಂಚದ ಮೇಲೆಯೇ ಕುಳಿತರು. ಎಲ್ಲರಿಗೂ ಅದು ಮುಜುಗರವಾಯಿತು. ಅವರಿಗೆ ಬೇಕಾದದ್ದೂ ಅದೇ ಇರಬೇಕು.

"ಗಂಗಾನಿಂದ ಶುರು ಮಾಡೂಣು," ಎಂದರು. "ಇಕಿಗೆ ಕೊಲ್ಲೋದಿದ್ರ ಹಬ್ಬಕ್ಕ ಯಾಕ ಕಾಯಬೇಕು? ದಿನಾ ಅವನ ಜೀವ ಇಕಿ ಕೈಯಾಗ ಇತ್ತು. ಒಂದು ವಾರ ಮಗ್ಗಲಾ ಹೊರಳಿಸದಿದ್ರ ಹುಣ್ಣಾಗಿ ಸಾಯ್ತಿದ್ದ. ಎಲ್ಲಾರೂ ಪಾಪ ಅಂತಿದ್ರು, ಯಾರೂ ಕೊಲಿ ಅಂತಿರಲಿಲ್ಲ. ಹಬ್ಬದ ದಿನ ಯಾರಿಗೆ ಬೇಕಾಗಿತ್ತು? ಊರೆಲ್ಲ ಹೊಲಕ್ಕ ಹೋದಾಗ, ಒದರಿದ್ರೂ ಕೇಳದ ದಿನ, ಗಂಗಾನ್ನ ಅವನಿಂದ ದೂರ ಇಡೋದು ಯಾರಿಗೆ ಬೇಕಾಗಿತ್ತೋ ಅವರಿಗೆ."

"ಎರಡನೇದು ಫೋನು. ಗಂಗಾ ಎದಿ ಮ್ಯಾಲೆ ಇಟ್ಟ ಫೋನು ಗೂಡಿಗೆ ಹೋತು. ಅವ ಏಳಾಂಗಿಲ್ಲ. ಅಂದ್ರ ಗಂಗಾ ಟ್ರೇಲರ್ ಹತ್ತಿದ ಮ್ಯಾಲೆ ಒಳಗ ಹೋದಾವರು ಸರಿಸ್ಯಾರ. ಇಬ್ಬರು ಹೋಗ್ಯಾರ: ಹನಮೇಶ, ಕರಿಯವ್ವ."

ಹನಮೇಶ ಕಿಟಕಿಯಿಂದ ತಿರುಗಿದ. "ನಾ ಕ್ಯಾನ್ ತರಾಕ ಹೋಗಿದ್ದೆ ಅಷ್ಟರಿ!"

"ನಿನ್ನ ಸರದಿ ಬರತೈತಿ, ತಡಿ. ಈಗ ಹೋಳಿಗಿ. ಸತ್ತಾವನ ಹೊಟ್ಯಾಗ ಎಳ್ಳು ಹೋಳಿಗಿ ಇತ್ತು, ತಾಟಿನ್ಯಾಗ ಹೋದ ಎರಡೂ ಹಂಗ ಉಳದಿದ್ದವು. ಹಂಗಾರ ತಿಂದದ್ದು ಯಾವುದು? ತಿಂದು ಭಾಳ ಹೊತ್ತಾದ ಮ್ಯಾಲೆ ಸತ್ತಾನ, ಅಂದ್ರ ಮುಂಜಾನೆ ತಿಂದದ್ದು. ಮುಂಜಾನೆ ಆ ಮನ್ಯಾಗ ಹೋಳಿಗಿ ಇದ್ದದ್ದು ಒಂದ ಕಡೆ. ನಸುಕಿನ್ಯಾಗ ಗಂಟು ಬಿದ್ದ ಚರಗದ ಬುಟ್ಟ್ಯಾಗ. ಅದು ಗಂಗಾನ ಕೈಗೆ ಹೋಗಿಲ್ಲ, ಹನಮೇಶನ ಕೈಗೆ ಹೋಗಿಲ್ಲ, ಪಕೀರಮ್ಮ ಬೇಡಿದ್ರೂ ಅಕಿ ಕೈಗೂ ಹೋಗಲಿಲ್ಲ. ಬುಟ್ಟಿ ಹೊತ್ತಾಕಿ ಬುಟ್ಟಿ ಸಮೇತ ಒಳಗ ಹೋದ್ಲು."

ಪಕೀರಮ್ಮನ ಬಾಯಿ ತೆರೆದೇ ಉಳಿಯಿತು. "ಅಯ್ಯ ಶಿವನ… ಚರಗಕ್ಕ ಮೊದಲ?"

"ಅದನ್ನ ನಾನೂ ಕೇಳಿಕೊಂಡೆ. ಹೆತ್ತ ಮಗನ ಅಂಗೈ ಹಂಚಿನ ಮ್ಯಾಲೆ ಸುಟ್ಟಾಕಿ, ಇರುವಿಗೂ ಬುಟ್ಟಿ ಮೂಸಗೊಡದಾಕಿ, ತಾನ ಗಂಟು ಬಿಚ್ಚಿ ಮಗನ ಬಾಯಾಗ ಹೋಳಿಗಿ ಇಡತಾಳ ಅಂದ್ರ ಯಾಕ? ಚರಗ ಮುಗದ ಮ್ಯಾಲೆ ಅವನಿಗೆ ಪಾಲು ಬರತಿತ್ತು. ಆ ಹೊತ್ತಿಗೆ ಉಣ್ಣಾಕ ಅವ ಇರಾಂಗಿಲ್ಲ ಅಂತ ಗೊತ್ತಿದ್ದಾಕಿ ಮಾತ್ರ ಮೊದಲ ತಿನಿಸತಾಳ."

ಗಂಗಾ ನಿಧಾನವಾಗಿ ಅತ್ತೆಯ ಕಡೆ ತಲೆ ಹೊರಳಿಸಿದಳು.

"ಮಳಿಗಾಲದಾಗ ಕೊಳವಿ ಮಡಚಿದ್ರ ಏನಾಗತೈತಿ ಅನ್ನೋದು ಕರಿಯವ್ವ ಕಣ್ಣಾರೆ ಕಂಡಿದ್ಲು," ಅಕ್ಕಾರು ಮುಂದುವರಿಸಿದರು. "ಹೋಳಿಗಿ ತಿನಿಸಿ, ಕೊಳವಿ ಮಡಚಿ, ಫೋನು ಗೂಡಿನ್ಯಾಗ ಇಟ್ಟು ಬಂದ್ಲು. ಅದಕ್ಕ ತಾಟು ಒಯ್ಯಾಕ ಗಂಗಾನ್ನ ಬಿಡಲಿಲ್ಲ. ಗಂಗಾ ಆಗಿದ್ರ ನೋಡಿದ ಕೂಡಲೇ ತಿಳೀತಿತ್ತು. ಮಳಿಗಾಲದ ಆ ದಿನ ಊರಾಗ ಇರದಿದ್ದ, ಅದೇನಂತ ಗೊತ್ತಿಲ್ಲದ ಹನಮೇಶನ್ನ ಕಳಿಸಿದ್ಲು. ಸಂಜಿಗೆ ತಾನ ಮೊದಲು ಓಡಿ, ತಬ್ಬಿಕೊಳ್ಳೋ ನೆವದಾಗ ಕೊಳವಿ ಸೀದಾ ಮಾಡಿದ್ಲು. ಮಗ ಜೀವಂತ ಪುಣೆಗೆ ಹೋದ್ರ ಮನಿಗೆ ಏನೂ ಉಳಿಯಾಂಗಿಲ್ಲ. ಸತ್ತು, ಸೊಸಿ ಹನಮೇಶನ ಸೀರಿ ಉಟ್ರ, ಹೆಂಡತಿ ಪಿಂಚಣಿ ಮನ್ಯಾಗ ಉಳಿತೈತಿ. ಸೊಸಿ ಒಲ್ಲೆ ಅಂದ್ಲು. ಆವಾಗ ಸಣ್ಣ ಮಗನ ಕಡೆಯಿಂದ ಫೋನ್ ಹಚ್ಚಿಸಿ ಕೇಳಿದ್ಲು, ಸೊಸಿ ಜೈಲಿಗೆ ಹೋದ್ರ ಯಾರಿಗಂತ. ಹೌದಿಲ್ಲೋ ಹನಮೇಶ?"

"ಅವ್ವ ಕೇಳು ಅಂದ್ಲು, ಕೇಳಿದೆ," ಎಂದ ಹನಮೇಶ. "ಯಾಕಂತ ನನಗ ಗೊತ್ತಿರಲಿಲ್ರಿ."

"ಸಿದ್ದಪ್ಪ, ನೀ ಒಂದು ಕೇಳಲಿಲ್ಲ," ಎಂದು ಅಕ್ಕಾರು ಸಬ್ ಇನ್‌ಸ್ಪೆಕ್ಟರನ ಕಡೆ ತಿರುಗಿದರು. "ಊರೆಲ್ಲ ಹೃದಯ ನಿಂತು ಸತ್ತ ಅಂತ ಮಣ್ಣು ಕೊಟ್ಟಾಗ, ಕೊಳವಿಯಿಂದ ಸತ್ತ ಅಂತ ಈ ಮುದುಕಿಗೊಬ್ಬಾಕಿಗೆ ಹೆಂಗ ಗೊತ್ತಾತು?"

ಗವಿಸಿದ್ದಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಕರಿಯವ್ವ ಅಳುತ್ತಾಳೆ, ಶಪಿಸುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಅಡಿಕೆ ಚೀಲದಿಂದ ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡಳು. ಆಮೇಲೆ, ಸಂತೆಯ ಮಾತಿನಷ್ಟು ಸಲೀಸಾಗಿ ಹೇಳಿದಳು:

"ಅವ ಕಣಿವ್ಯಾಗ ಬಿದ್ದ ದಿನಾನ ಸತ್ತಾನ. ಹೆಣ ಮನಿಗೆ ಬರಾಕ ಇಷ್ಟ ವರ್ಷ ಹಿಡೀತು. ಇನ್ನೊಬ್ಬಾಂವ ಅದಾನಲ್ಲ, ಎರಡೂ ಕಾಲ ಮ್ಯಾಲೆ ನಿಂತಾಂವ? ಅವಗ ಹೆಣ್ಣು ಬ್ಯಾಡ? ಮನಿ ಬ್ಯಾಡ? ನಾನೂ ಹಡದಾಕಿನ. ಒಬ್ಬನ್ನ ಉಳಿಸಿಕೊಂಡೆ."

"ಮತ್ತ ಹೋಳಿಗಿ?" ಅಕ್ಕಾರು ಮೆತ್ತಗೆ ಕೇಳಿದರು.

"ಖಾಲಿ ಹೊಟ್ಟಿಲೆ ಕಳಿಸಬಾರದಂತ ಕೊಟ್ಟೆ." ಮೊದಲ ಬಾರಿಗೆ ಅವಳ ದವಡೆ ನಿಂತಿತು. "ಭೂಮಿತಾಯಿ ನೋಡಿದ್ಲು. ಅದೊಂದ ತಪ್ಪಾತು ನನ್ನಿಂದ."

ಮಗನನ್ನು ಕೊಂದದ್ದಲ್ಲ, ಅದೊಂದೇ.

"ಈಗ ನಿನ್ನ ಸರದಿ," ಎಂದು ಅಕ್ಕಾರು ಹನಮೇಶನ ಕಡೆ ನೋಡಿದರು. "ಮಲಗಿದ್ದ ಅಂದಿ. ಅಷ್ಟು ಹೊತ್ತು ಕೊಳವಿ ಕಟ್ಟಿದಾಂವ ಮಲಗಾಂಗಿಲ್ಲಪ. ಏನು ನೋಡಿದಿ?"

ಹನಮೇಶ ಗೋಡೆಗೆ ಜಾರಿ ಕುಳಿತುಬಿಟ್ಟ.

"ಬೆವತಿದ್ದ. ಮುಖ ಕೆಂಪಗಾಗಿತ್ತು. ತಲಿ ಒಡಿತೈತಿ, ಗಂಗಾನ್ನ ಕರಿ, ಫೋನು ಕೊಡು ಅಂದ. ಹೊಲಕ್ಕ ಕರಕೊಂಡು ಹೋಗಿಲ್ಲಂತ ನಾಟಕ ಮಾಡಾಕತ್ತ್ಯಾನ ಅನಿಸ್ತರಿ. ಸಂಜಿಗೆ ಬರ್ತಾರ ಬಿಡೋ, ಅಂತ ಬಾಗಲಾ ಎಳಕೊಂಡು ಬಂದೆ." ಅವನು ಮೊಣಕೈಯಿಂದ ಮೂಗು ಒರೆಸಿಕೊಂಡ. "ಹೊರಗ ಬರೂಮುಂದ ಕೂಗಿ ಹೇಳಿದ್ದ. ಅವ್ವ ಮಾತಾಡಿಸ್ಯಾಳ, ತನ್ನ ಕೈಲೆ ಹೋಳಿಗಿ ತಿನಿಸ್ಯಾಳ, ಅಕಿ ಸಿಟ್ಟು ಹೋಗೈತಿ, ನಾವು ಪುಣೆಗೆ ಹೋಗೋದು ಒಪ್ಪ್ಯಾಳ, ಗಂಗಾಗ ಇದನ್ನ ಹೇಳು ಅಂದ."

"ಹೇಳಿದೀ?" ಎಂದಳು ಗಂಗಾ.

ಹನಮೇಶ ಇಲ್ಲವೆಂದು ತಲೆ ಆಡಿಸಿದ.

ಗವಿಸಿದ್ದಪ್ಪ ಕಣ್ಸನ್ನೆ ಮಾಡಿದ. ಮಹಿಳಾ ಪೇದೆ ಗಂಗಾಳನ್ನು ದಾಟಿ ಹೋಗಿ ಕರಿಯವ್ವನ ರೆಟ್ಟೆ ಹಿಡಿದಳು. ಮುದುಕಿ ತಾನೇ ಎದ್ದಳು, ಸೆರಗು ಸರಿ ಮಾಡಿಕೊಂಡಳು, ಹೊಸ್ತಿಲ ಬಳಿ ನಿಂತು ಅಂಗಳದ ಕಡೆ ನೋಡಿದಳು. ಗೋದಲಿಯ ಬಳಿ ಕಟ್ಟಿದ ಎಮ್ಮೆ ಖಾಲಿ ನೀರಿನ ತೊಟ್ಟಿಗೆ ನಾಲಿಗೆ ಚಾಚುತ್ತಿತ್ತು.

"ಏ ಗಂಗಾ," ಎಂದಳು ಹಿಂದೆ ತಿರುಗದೆ, ದಿನಾ ಕರೆಯುವಂತೆಯೇ. "ಎಮ್ಮಿಗೆ ನೀರು ಕುಡಸು."

ಗಂಗಾ ಎದ್ದಳು. ಸೀರೆಯ ಗಂಟನ್ನು ನೆಲಕ್ಕಿಟ್ಟು, ಹಂಡೆಯ ಬಳಿ ಹೋಗಿ ಬಕೀಟು ತುಂಬಿ ಎತ್ತಿಕೊಂಡು ಅಂಗಳಕ್ಕೆ ಇಳಿದಳು. ಯಾರೂ ಅವಳನ್ನು ತಡೆಯಲಿಲ್ಲ. ಅವಳಿಗೇ ತಾನು ಏನು ಮಾಡುತ್ತಿದ್ದೇನೆಂದು ತಿಳಿದಂತಿರಲಿಲ್ಲ. ಎಮ್ಮೆ ಕತ್ತು ಚಾಚಿತು. ಅಲ್ಲಿಯೇ, ನಡು ಅಂಗಳದಲ್ಲಿ, ಅವಳ ಕಾಲು ನಿಂತವು.

ಅವಳು ಹಿಂದಿರುಗಿ ಬಂದು ಆ ಬಕೀಟನ್ನು ಹನಮೇಶನ ಮುಂದೆ ಇಟ್ಟಳು.

"ನೀ ಕುಡಸು," ಎಂದಳು.

ಗಂಟು ಎತ್ತಿಕೊಂಡು ಬಂದು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು. ಅಕ್ಕಾರು ಮೊಣಕಾಲು ಹಿಡಿದುಕೊಂಡು ಮುಂದೆ ಹತ್ತಿದರು. ನಾನು ಕಾರು ಶುರು ಮಾಡಿದೆ.